ಬೇಸಿಗೆ ಗೆರೆಯಿಂದ ಎರಡಡಿ

ನಮ್ಮ ವಂಶದಲ್ಲಿ ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಂಡವರು ಯಾರೂ ಇರಲಿಲ್ಲ. ಸತ್ತವರಿಗೂ ಆ ಭಾಗ್ಯ ಸಿಕ್ಕಿರಲಿಲ್ಲ. ಮಳವಳ್ಳಿಯ ಖಬರಸ್ಥಾನದಲ್ಲಿ ನಮ್ಮ ತಂದೆ ಹುಸೇನ್ ಸಾಬರು ಮಲಗಿರುವ ಜಾಗಕ್ಕೆ ಗುರುತು ಅಂದರೆ ಒಂದು ಬೇವಿನ ಗಿಡ. ಬದುಕಿದ್ದಷ್ಟು ಕಾಲ ಬಸ್ಸಿನ ಹೊಟ್ಟೆಯಡಿ ಅಂಗಾತ ಮಲಗಿ ನಟ್ಟು ಬೋಲ್ಟು ತಿರುಗಿಸಿದ ಮನುಷ್ಯ, ಸತ್ತ ಮೇಲೂ ಹಾಗೇ ಸದ್ದಿಲ್ಲದೆ ಮಲಗಿದರು. ಹೀಗಿರುವಾಗ ನಲವತ್ತೇಳರ ಬೇಸಿಗೆಯಲ್ಲಿ, ಶಿಂಷಾ ಹೊಳೆ ದಾಟುವ ಕಂಚಿಕಲ್ಲು ಕಡವಿನಲ್ಲಿ, ಎದೆಯೆತ್ತರದ ಕಲ್ಲಿನ ಮೇಲೆ ನಮ್ಮಣ್ಣ ದಸ್ತಗೀರನ ಹೆಸರು ಬಂದುಬಿಟ್ಟಿತು.

ನಮ್ಮ ಅಮ್ಮಿ ಮಹಬೂಬ್ ಬೀಗೆ ಓದು ಬರಹ ಬರದು. ಕಲ್ಲು ನೋಡಲು ಹೋದ ದಿನ ನನ್ನ ಕೈ ಎಳೆದು, "ಶಮೀಮ್, ಎಲ್ಲಿಂದ ಎಲ್ಲಿಗೆ ಇವನ ಹೆಸರು? ತೋರಿಸು" ಅಂದಳು. ಅವಳ ಬೆರಳು ಹಿಡಿದು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೂ ಎಳೆದು ತೋರಿಸಿದೆ. ಆಮೇಲೆ ತಾನೇ ಎಳೆದಳು. ಅವತ್ತಿನಿಂದ ಆ ಕಡೆ ಯಾರು ಹೊರಟರೂ ಸರಿ, ಗಾಡಿ ಹತ್ತಿ ಹೋಗಿ ಆ ಸಾಲನ್ನು ಬೆರಳಿನಿಂದ ಸವರಿ ಬರುವುದೇ ಅವಳಿಗೆ ಹಬ್ಬವಾಯಿತು.

ಆ ಕಲ್ಲಿನ ಕತೆಯನ್ನು ಈಗ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಕಲ್ಲು ನಿಲ್ಲಿಸಿದ ಕರಿಯಪ್ಪನವರ ಮನೆಯವರಂತೂ ನಮ್ಮ ಅಮ್ಮಿಗೆ ಅವತ್ತು ತಲೆ ಕೆಟ್ಟಿತ್ತು ಅನ್ನುತ್ತಾರೆ. ಕೆಟ್ಟಿರಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ.

ಅಣ್ಣ ಯುದ್ಧದ ಕಾಲದಲ್ಲಿ ನೌಕಾಪಡೆ ಸೇರಿದವನು. ಕೆರೆಯಲ್ಲಿ ಈಜಿದವನೆಂಬುದು ಬಿಟ್ಟರೆ ನೀರಿಗೂ ಅವನಿಗೂ ಬೇರೆ ನಂಟಿರಲಿಲ್ಲ. ಅಲ್ಲಿ ತೋಪು ಸಿಡಿಸುವ ಹಡಗಿಗೆ ಹಾಕುತ್ತಾರೆಂದು ಮೀಸೆ ತಿರುವಿಕೊಂಡು ಹೋದರೆ, ಸಮುದ್ರ ಅಳೆಯುವ ಹಡಗಿಗೆ ಹಾಕಿದರು. ಹಡಗಿನ ಪಕ್ಕಕ್ಕೆ ಕಟ್ಟಿದ ಹಲಗೆಯ ಮೇಲೆ ನಿಂತು, ಹಗ್ಗಕ್ಕೆ ಬಿಗಿದ ಸೀಸದ ಗುಂಡನ್ನು ಬೀಸಿ ನೀರಿಗೆ ಬಿಡುವುದು, ಗುಂಡು ತಳ ಮುಟ್ಟಿದಾಗ ಆಳ ಎಷ್ಟೆಂದು ಕೂಗಿ ಹೇಳುವುದು ಅವನ ಕೆಲಸ. ಅವರ ಲೆಕ್ಕ ಫ್ಯಾದಮ್ಮಿನಲ್ಲಿ. ಫ್ಯಾದಮ್ ಅಂದರೆ ಬೇರೇನಲ್ಲ, ಎರಡು ತೋಳು ಚಾಚಿದರೆ ಆಗುವ ನಮ್ಮ ಮಾರು. ಹಡಗಿನವರ ನಕ್ಷೆಗೆ ಚಾರ್ಟು ಎಂದು ಹೆಸರು. ನಮ್ಮ ಶಾನುಭೋಗರ ನಕ್ಷೆಯಲ್ಲಿ ನೆಲದ ತುಂಬ ಗೆರೆ, ಕೆರೆ ಖಾಲಿ. ಚಾರ್ಟಿನಲ್ಲಿ ನೀರಿನ ತುಂಬ ಅಂಕಿ, ನೆಲ ಖಾಲಿ. ಇದನ್ನು ಕೇಳಿ ಅಮ್ಮಿ, "ನೆಲ ಬೇಡವಾದವರ ಜೊತೆ ಸೇರ್ಕೊಂಡೆಯಲ್ಲೋ" ಅಂದಿದ್ದಳು.

ನಲವತ್ತಾರರ ಫೆಬ್ರವರಿಯಲ್ಲಿ ಬೊಂಬಾಯಿಯ ನಾವಿಕರು ಮುಷ್ಕರ ಹೂಡಿದಾಗ ಅಣ್ಣನೂ ಊಟದ ತಟ್ಟೆ ತಳ್ಳಿ ಎದ್ದ. ಅನ್ನದಲ್ಲಿ ಕಲ್ಲು, ಸಾಹೇಬರ ಬಾಯಲ್ಲಿ ಬೈಗುಳ, ಎಷ್ಟು ದಿನ ಅಂತ ನುಂಗುವುದು? ಅವನನ್ನು ಕೆಲಸದಿಂದ ತೆಗೆದು ಮನೆಗೆ ಅಟ್ಟಿದರು. ಮಳವಳ್ಳಿಯಲ್ಲಿ ಬಸ್ಸಿಳಿದಾಗ ಅವನ ಕೈಯಲ್ಲಿದ್ದದ್ದು ಒಂದು ಟ್ರಂಕು, ಹೆಗಲ ಮೇಲಿದ್ದದ್ದು ಸೀಸದ ಗುಂಡಿನ ಹಗ್ಗ. ಆ ಹಗ್ಗದ ಉದ್ದಕ್ಕೂ ಗುರುತಿಗೆಂದು ತೊಗಲಿನ ಪಟ್ಟಿ, ಬಿಳಿ ಬಟ್ಟೆ, ಕೆಂಪು ಬಟ್ಟೆ ಕಟ್ಟಿತ್ತು. ಅದು ಹೇಗೆ ನಿನ್ನ ಕೈಗೆ ಬಂತು ಅಂದರೆ ನಗುತ್ತಿದ್ದ.

ಊರಿನಲ್ಲಿ ಎಲ್ಲರೂ ಬೆನ್ನು ತಟ್ಟಿದರು. ಕೆಲಸ ಮಾತ್ರ ಯಾರೂ ಕೊಡಲಿಲ್ಲ. ದೊರೆಗಳಿಗೇ ತಿರುಗಿಬಿದ್ದವನು ನಮಗೆ ಬೀಳದೆ ಇರುತ್ತಾನೆಯೇ ಎಂಬ ಅಂಜಿಕೆ. ವರ್ಷ ದಾಟಿತು. ತಂದೆಯ ಸುತ್ತಿಗೆ ಹಿಡಿದು ಬಸ್ ಶೆಡ್ಡಿಗೆ ಹೋದರೆ ಅಲ್ಲಿಯೂ ಬೇಡವೆಂದರು. ಅಮ್ಮಿ ಒಳಗೊಳಗೇ ಸೊರಗಿದಳು. ಆಗ ಕರೆ ಕಳಿಸಿದವರು ಕಡವು ಕಮಿಟಿಯ ಅಧ್ಯಕ್ಷ ಕರಿಯಪ್ಪನವರು.

ಕರಿಯಪ್ಪನವರು ಹೊಳೆಯ ಈಚೆ ದಡದಲ್ಲಿ ಎಕರೆಗಟ್ಟಲೆ ಕಬ್ಬು ಹಾಕಿದವರು. ಯುದ್ಧ ನಡೆಯುವಾಗ ಯುದ್ಧನಿಧಿಯ ಸಭೆಯಲ್ಲಿ ಮುಂದಿನ ಕುರ್ಚಿ. ಈಗ ಸ್ವಾತಂತ್ರ್ಯ ಬರುತ್ತದೆಂದು ಗಟ್ಟಿಯಾದ ಮೇಲೆ ತಲೆಗೆ ಗಾಂಧಿ ಟೋಪಿ. ಅವರ ಕಬ್ಬಿನ ಗಾಡಿಗಳು ಮದ್ದೂರಿನ ಕಡೆ ಹೋಗಬೇಕಾದರೆ ದೂರದ ಸೇತುವೆ ಸುತ್ತಬೇಕಿತ್ತು. ಕಂಚಿಕಲ್ಲು ಕಡವಿನಲ್ಲಿ ಇದ್ದದ್ದು ಅಂಬಿಗ ಅಂಕಯ್ಯನ ಹರಿಗೋಲು ಒಂದೇ, ಅದರಲ್ಲಿ ಗಾಡಿ ಹೋಗುತ್ತದೆಯೇ? ಹೊಳೆಯಲ್ಲೇ ಗಾಡಿ ಇಳಿಸಬಹುದೆಂದು ತೋರಿಸಿದರೆ ಕಲ್ಲು ನೆಟ್ಟು ಅದನ್ನು ಗಾಡಿ ದಾರಿ ಎಂದು ಸಾರಿಬಿಡಬಹುದು. ಅದಕ್ಕೆ ಆಳದ ಅಳತೆ ಬೇಕಿತ್ತು. ಸಮುದ್ರ ಅಳೆದವನೇ ಊರಲ್ಲಿ ಬಿದ್ದಿರುವಾಗ ಬೇರೆ ಯಾರನ್ನು ಹುಡುಕಬೇಕು?

ಅಳತೆಯ ದಿನಗಳಲ್ಲಿ ನಾನೂ ಹರಿಗೋಲಿನಲ್ಲಿ ಕುಳಿತಿದ್ದೆ. ಕನ್ನಡ ಮಿಡ್ಲ್ ಸ್ಕೂಲು ಮುಗಿಸಿದ್ದೆನಲ್ಲ, ಅಣ್ಣ ಕೂಗಿದ ಅಂಕಿ ಬರೆದುಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ಹಡಗಿನ ಗತ್ತಿನಲ್ಲಿ ಅಣ್ಣ, "ಅಂಕಯ್ಯ, ನೇರ ಹಿಡಿ, ನೇರ!" ಎಂದು ಕಿರುಚಿದರೆ ಹರಿಗೋಲು ಗರಗರ ಸುತ್ತುತ್ತಿತ್ತು.

"ಇದು ಅಡಗಲ್ಲ ಸಾಬ್ರೆ. ಸುತ್ತಾದೇ ಇದರ ಕಸುಬು. ನೀವೇ ವಸಿ ನ್ಯಾರ ನಿಂತ್ಕಳಿ" ಅನ್ನುತ್ತಿದ್ದ ಅಂಕಯ್ಯ.

ಕೊನೆಗೆ ಎರಡೂ ದಡದಲ್ಲಿ ಗೂಟ ಹೊಡೆದು ಹಗ್ಗ ಕಟ್ಟಿ, ಅದನ್ನು ಹಿಡಿದುಕೊಂಡು ಅಳೆದದ್ದಾಯಿತು. ಗೂಟ ಹೊಡೆದದ್ದು ತಂದೆಯ ಸುತ್ತಿಗೆಯಿಂದ. ಸೀಸದ ಗುಂಡಿನ ಅಡಿಯಲ್ಲಿ ಒಂದು ಕುಳಿ ಇತ್ತು. ಅದಕ್ಕೆ ಕುರಿಯ ಕೊಬ್ಬು ಮೆತ್ತಿ ಇಳಿಸಿದರೆ ತಳದ ಮರಳೋ ಕೆಸರೋ ಅಂಟಿಕೊಂಡು ಮೇಲೆ ಬರುತ್ತಿತ್ತು. ಅದನ್ನೂ ಬರೆಸುತ್ತಿದ್ದ. ವರ್ಷದ ಮೇಲೆ ಅವನ ಮುಖದಲ್ಲಿ ನಗು ನೋಡಿದ್ದು ನಾನು ಆಗಲೇ.

ಒಂದು ಸಂಗತಿ ಮಾತ್ರ ನನಗೆ ಹಿಡಿಸಲಿಲ್ಲ. ಹಿಂದಿನ ವಾರ ಮೇಲೆಲ್ಲೋ ಮಳೆಯಾಗಿ ಹೊಳೆ ಕೊಂಚ ಏರಿತ್ತು. ಹಗ್ಗ ನೋಡಿದರೆ ಮೂರೂವರೆ ಅಡಿ. ಅಣ್ಣ ಬರೆಸಿದ್ದು ಎರಡು.

"ಕಂಡದ್ದು ಒಂದು, ಬರೆಸೋದು ಒಂದಾ?" ಎಂದೆ.

ಅವನು ದಡದ ಎಮ್ಮೆಬಂಡೆಯನ್ನು ತೋರಿಸಿದ. ಕಪ್ಪು ಬಂಡೆಯ ಮೇಲೆ, ನೀರಿನೊಳಗೆ ಮಸುಕಾಗಿ ಕಾಣುವ ಹಾಗೆ, ಒಂದು ಬಿಳಿ ಗೆರೆ. ಎಂಥ ಬೇಸಿಗೆಯಲ್ಲೂ ಹೊಳೆ ಅದಕ್ಕಿಂತ ಕೆಳಗೆ ಇಳಿದದ್ದಿಲ್ಲವೆಂದು ಅಂಕಯ್ಯ ಹೇಳಿದ್ದ. ಅವನು ಅದನ್ನು ಬ್ಯಾಸ್ಗೆ ಗೆರೆ ಅನ್ನುತ್ತಿದ್ದ.

"ಚಾರ್ಟಿನ ಅಂಕಿ ಯಾವಾಗಲೂ ಕಡಿಮೆ ನೀರಿನ ಲೆಕ್ಕ, ಶಮೀಮ್. ಇಂಥ ಗೆರೆಗೆ ಡೇಟಮ್ ಅಂತಾರೆ. ನೀರು ಇವತ್ತು ಎಷ್ಟೇ ಏರಿರಲಿ, ಆ ಗೆರೆಯಿಂದ ಕೆಳಗಿನ ಆಳ ಮಾತ್ರ ಬರೀಬೇಕು. ಆಗ ಹಡಗಿನವನಿಗೆ ಅಂಕಿಗಿಂತ ಹೆಚ್ಚು ನೀರು ಸಿಗುತ್ತೇ ಹೊರತು ಕಡಿಮೆ ಸಿಗಲ್ಲ. ಮೋಸ ಹೋಗಲ್ಲ."

ಸಮುದ್ರದವರ ಲೆಕ್ಕ, ನನಗೇನು ಗೊತ್ತು ಎಂದು ಬರೆದುಕೊಂಡೆ. ಕೊನೆಯಲ್ಲಿ ಒಂದು ಸಾಲು ಇಂಗ್ಲಿಷಿನಲ್ಲಿ ಅವನೇ ಸೇರಿಸಿದ, ಆಳವೆಲ್ಲ ಡೇಟಮ್ಮಿನಿಂದ ಕೆಳಕ್ಕೆ ಎಂದು.

ಕಮಿಟಿಯ ಗುಮಾಸ್ತ ಮಹದೇವಯ್ಯನವರು ಅದನ್ನು ಕಲ್ಲಿಗಾಗಿ ಕನ್ನಡಕ್ಕೆ ಇಳಿಸಲು ಕೂತರು. "ಎರಡು ಅಡಿ, ಸರಿ. ಈ ಡೇಟಮ್ ಅಂದ್ರೆ ಕನ್ನಡದಲ್ಲಿ ಏನಪ್ಪ?" ಎಂದು ಕೇಳಿದರು. ಅಂಕಯ್ಯ ಬ್ಯಾಸ್ಗೆ ಗೆರೆ ಅಂತಾನೆ, ಅದನ್ನೇ ಹಾಕಿ ಅಂದ ಅಣ್ಣ. "ಅಂಬಿಗರ ಮಾತನ್ನ ಕಲ್ಲಲ್ಲಿ ಕೆತ್ತಿಸೋಕಾಗುತ್ತಾ? ಒಳ್ಳೇ ಶಬ್ದ ಸಿಕ್ಕಲಿ, ನೋಡೋಣ" ಎಂದರು ಮಹದೇವಯ್ಯ. ಒಳ್ಳೇ ಶಬ್ದ ಸಿಗಲಿಲ್ಲ. ಕಲ್ಲು ಎದ್ದು ನಿಂತಿತು: ಇಲ್ಲಿ ನೀರು ಎರಡು ಅಡಿ. ಗಾಡಿ ಇಳಿಸಬಹುದು. ಅಳೆದವರು ದಸ್ತಗೀರ್, ನೌಕಾಪಡೆ.

ಸಾಲು ಬಿಟ್ಟುಹೋದದ್ದು ಅಣ್ಣನ ಕಣ್ಣಿಗೆ ಬಿತ್ತು. ಹುಬ್ಬು ಗಂಟಿಕ್ಕಿದ. ಆದರೆ ಅಂಕಿ ಕಡಿಮೆ ಕಡೆಗೇ ಇದೆಯಲ್ಲ, ಯಾರಿಗೆ ಏನು ಕೇಡು ಎಂದುಕೊಂಡ. ಅಷ್ಟು ವರ್ಷ ಸಮುದ್ರದ ಮೇಲೆ ಕಲಿತದ್ದು ತಲೆಯಲ್ಲಿ ಹಾಗೆ ಕೂತಿತ್ತು. ಅಮ್ಮಿ ಅಂದು ಓಣಿಗೆಲ್ಲ ಶರಬತ್ತು ಹಂಚಿದಳು.

ಜೂನ್ ತಿಂಗಳಲ್ಲಿ ಹೊಸ ನೀರು ಬಂತು. ಅಣ್ಣನ ಜೊತೆ ಕಡವಿಗೆ ಹೋಗಿದ್ದೆ. ಎಮ್ಮೆಬಂಡೆ ಅರ್ಧ ಮುಳುಗಿತ್ತು. ಕಲ್ಲು ಮಾತ್ರ ದಡದ ಮೇಲೆ ಒಣಗಿಕೊಂಡು, ಎರಡು ಅಡಿ ಎಂದು ಹೇಳುತ್ತ ನಿಂತಿತ್ತು.

"ಭಾಯಿ, ಹಡಗಿಗೆ ತಳ ತಾಗಬಾರದು, ಸರಿ. ಎತ್ತಿಗೆ ತಳ ತಾಗಲೇಬೇಕಲ್ಲವೇನೋ?"

ಅವನು ನನ್ನನ್ನೂ ಕಲ್ಲನ್ನೂ ನೋಡಿದ. ಸಮುದ್ರದಲ್ಲಿ ಸಾವಿರ ಜನರನ್ನು ಉಳಿಸುವ ಅಂಕಿ ಈ ಹೊಳೆಯಲ್ಲಿ ನಂಬಿ ಇಳಿದವನನ್ನು ಮುಳುಗಿಸುವ ಅಂಕಿಯಾಗಿತ್ತು. ಅದರ ಕೆಳಗೆ ಇದ್ದದ್ದು ಅವನ ಹೆಸರು. ಅಲ್ಲಿಂದ ಮನೆಗೂ ಬರಲಿಲ್ಲ, ನೇರ ಕರಿಯಪ್ಪನವರ ಜಗಲಿಗೆ ನಡೆದ. ನಾನೂ ಹಿಂದೆಯೇ ಹೋದೆ.

"ಬೇಸಿಗೆ ಗೆರೆಯಿಂದ ಅಂತ ಒಂದು ಸಾಲು ಸೇರಿಸಿ. ನೀರು ಆ ಗೆರೆ ದಾಟಿದರೆ ಗಾಡಿ ಇಳಿಸಬೇಡಿ ಅಂತ ಕೆತ್ತಿಸಿ. ಇಲ್ಲದಿದ್ದರೆ ನನ್ನ ಹೆಸರು ತೆಗೆಸಿ" ಎಂದ.

ಕರಿಯಪ್ಪನವರು ಎಲೆಗೆ ಸುಣ್ಣ ಸವರುತ್ತ ಕೂತಿದ್ದರು. "ಕಲ್ಲು ನಿಲ್ಸಾಗದೆ ಕಣ್ಲಾ. ಕಬ್ಬು ಕಡಿಯೋದೇ ಈಗ. ಮಳೆಗಾಲದಾಗೆ ಗಾಡಿ ಇಳಿಸ್ಬ್ಯಾಡಿ ಅಂತ ಬರ್ಸಕೆ ನಾನ್ ನಿನ್ ಕರ್ಸಿದ್ನಾ? ಎರಡು ಅಡಿ ಅಂತ ಅಂದೋನು ನೀನೇ ತಾನೆ?"

"ನಾನೇ. ಯಾವ ನೀರಿಗೆ ಅಂತಲೂ ಬರೆದಿದ್ದೆ. ನೀವು ಅರ್ಧ ಕೆತ್ತಿಸಿದ್ದೀರಿ."

"ನೋಡ್ಲಾ ದಸ್ತಗೀರ, ನಿನ್ ಒಳ್ಳೇದ್ಕೆ ಏಳ್ತೀನಿ. ಒಂದ್ನೇ ತಾರೀಕಿಂದ ಎಲ್ಲಾ ಕಡವಿಗೂ ನೀನೇ ಮೇಸ್ತ್ರಿ. ಖಾಯಂ ಕೆಲ್ಸ. ಬಾಯ್ ಮುಚ್ಕಂಡು ಇದ್ಬುಡು. ಇಲ್ಲಾಂದ್ರೆ ಬೊಂಬಾಯ್ನಾಗೆ ನೀನು ಮಾಡ್ಕಂಡು ಬಂದಿದ್ದ ಪೋಲೀಸ್ನೋರಿಗೆ ನಾನೇ ಗ್ಯಾಪಿಸ್ಬೇಕಾಯ್ತದೆ."

ಅಣ್ಣ ನಕ್ಕ. "ಬೊಂಬಾಯಿಯಲ್ಲಿ ಮಾಡಿದ್ದನ್ನ ನಾನೇ ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದೀನಿ ಗೌಡರೇ. ನಿಮಗ್ಯಾಕೆ ಆ ತೊಂದರೆ? ಕಲ್ಲನ್ನ ನೀವು ತಿದ್ದಲಿಲ್ಲ ಅಂದರೆ ನಾನೇ ಒಡೀತೀನಿ."

ಒಡೆದೇ ಬಿಡುತ್ತಿದ್ದ. ಸುತ್ತಿಗೆ ತರಲೆಂದು ಮನೆಗೆ ಬಂದವನನ್ನು ತಡೆದದ್ದು ಅಮ್ಮಿ.

ಅವಳು ಅಷ್ಟು ಸಿಟ್ಟು ಮಾಡಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತಳು. "ಒಂದು ವರ್ಷ ನಿನ್ನ ಮುಖ ನೋಡ್ಕೊಂಡು ನಾನು ನುಂಗಿದ್ದು ಸಾಲದಾ? ಕೆಲಸ ಕೊಡ್ತೀನಿ ಅಂದವರ ಮನೆ ಬಾಗಿಲಲ್ಲೇ ಜಗಳ ಆಡಿ ಬಂದೆಯಾ? ನಿಮ್ಮಪ್ಪನ ಹೆಸರು ಎಲ್ಲೂ ಇಲ್ಲ. ನಿನ್ನದಾದರೂ ಇರಲಿ ಬಿಡೋ!"

"ಅಮ್ಮಿ, ಆ ಹೆಸರು ನಂಬಿ ಜನ ನೀರಿಗಿಳೀತಾರೆ."

"ಜನಕ್ಕೆ ಕಣ್ಣಿಲ್ಲವಾ? ನೀರು ಕಂಡರೆ ತಿಳಿಯಲ್ಲವಾ? ಕೇಳು, ಆ ಕಲ್ಲು ನೀನು ಮುಟ್ಟಿದರೆ ನನ್ನ ಮಯ್ಯತ್ತು ನೋಡ್ತೀಯ. ಆಣೆ."

ಆಣೆ ಹಾಕಿಬಿಟ್ಟಳು. ಬಿಳಿಯರ ತೋಪಿಗೆ ಹೆದರದ ಅಣ್ಣ ಅಲ್ಲಿ ಕುಸಿದು ಕೂತ. ನನಗೆ ಅಮ್ಮಿಯ ಮೇಲೆ ಕೆಟ್ಟ ಕೋಪ ಬಂತು. ಅವಳ ಆಸೆ ಎಂಥದೆಂದು ಗೊತ್ತಿತ್ತು, ಅದಕ್ಕೇ ಇನ್ನೂ ಕೋಪ ಬಂತು.

ಮೇಸ್ತ್ರಿ ಕೆಲಸಕ್ಕೆ ಅಣ್ಣ ಹೋಗಲಿಲ್ಲ. ಬದಲಿಗೆ ಅಳತೆಯ ಹಗ್ಗ, ಗೂಟ, ಸುತ್ತಿಗೆ ತುಂಬಿದ ಗೋಣಿಚೀಲ ಹೊತ್ತು ದಿನಾ ಕಡವಿಗೆ ಹೋಗಿ ಕೂತ. ಕಲ್ಲು ಮುಟ್ಟಬಾರದು ಅಂದಿದ್ದಾಳೆ, ಕಲ್ಲಿನ ಪಕ್ಕ ಕೂರಬಾರದು ಅಂದಿಲ್ಲವಲ್ಲ! ಹೊಳೆಗೆ ಬಂದವರಿಗೆಲ್ಲ, ಇದನ್ನು ನಂಬಬೇಡಿ, ಇದು ಬೇಸಿಗೆಯ ಮಾತು ಅನ್ನುತ್ತಿದ್ದ. ಜನ ಕಲ್ಲನ್ನು ನೋಡುತ್ತಿದ್ದರು, ಇವನನ್ನು ನೋಡುತ್ತಿದ್ದರು, ನಗುತ್ತಿದ್ದರು. ತಾನೇ ಅಳೆದು ತಾನೇ ನಂಬಬೇಡಿ ಅನ್ನುವವನನ್ನು ಯಾರು ನಂಬುತ್ತಾರೆ?

ಜುಲೈಯಲ್ಲಿ ಒಂದು ಬೆಳಿಗ್ಗೆ ಅಂಕಯ್ಯ ಓಡಿ ಬಂದ. "ಬೂಬಮ್ಮ, ಕಬ್ಬಿನ್ ಗಾಡಿ ಸಾಲಾಗಿ ನಿಂತವೆ. ಒಳೆ ಕೆಂಪಾಗದೆ, ನಾನೇ ಅರಗೋಲು ಬುಟ್ಟಿಲ್ಲ. ಗೌಡ್ರು ಇಳ್ಸಿ ಅಂತವ್ರೆ. ನಿಮ್ಮುಡ್ಗ ಒಬ್ಬನೇ ಅಡ್ಡ ನಿಂತವ್ನೆ, ಬನ್ನಿ."

ಅಮ್ಮಿ ಬುರ್ಖಾ ಹಾಕಿಕೊಂಡಳೋ ಇಲ್ಲವೋ ನನಗೆ ನೆನಪಿಲ್ಲ. ಎದುರು ಸಿಕ್ಕ ಗಾಡಿ ಹತ್ತಿ ಇಬ್ಬರೂ ಅಂಕಯ್ಯನ ಜೊತೆ ಹೋದೆವು.

ಹೊಳೆ ಕೆಮ್ಮಣ್ಣಿನ ಬಣ್ಣವಾಗಿ ಹರಿಯುತ್ತಿತ್ತು. ಎಮ್ಮೆಬಂಡೆ ಕಾಣಿಸಲೇ ಇಲ್ಲ. ಗಾಡಿಗಳು ದಡದಿಂದ ದಿಬ್ಬದವರೆಗೂ ನಿಂತಿದ್ದವು. ಕರಿಯಪ್ಪನವರು ಕೊಡೆ ಹಿಡಿದು ಕಲ್ಲಿನ ಪಕ್ಕ ನಿಂತಿದ್ದರು. ಅಣ್ಣ ಸೊಂಟದವರೆಗೆ ನೀರಿನಲ್ಲಿ ಇಳಿದು ಸೀಸದ ಗುಂಡನ್ನು ತಲೆಯ ಮೇಲೆ ಬೀಸಿ ಮುಂದಕ್ಕೆ ಒಗೆದ. ಹಗ್ಗ ಕೈಯಿಂದ ಸರಸರ ಓಡಿತು. ಹಡಗಿನಲ್ಲಿ ಕೂಗುತ್ತಿದ್ದ ಹಾಗೆಯೇ ರಾಗವಾಗಿ ಕೂಗಿದ:

"ಒಂದು ಮಾರು... ಎರಡು ಮಾರು!"

ಅವನ ಆ ದನಿಯನ್ನು ನಾವು ಮೊದಲ ಸಲ ಕೇಳಿದ್ದು. ಆಚೆ ದಡದಲ್ಲಿ ಅದು ಬಡಿದು ವಾಪಸು ಬಂತು.

ಮುಂದಿನ ಗಾಡಿಯ ಸಿದ್ದರಾಮು ತಲೆ ಕೆರೆದುಕೊಂಡ. "ಸಾಬ್ರೆ, ಕಲ್ಲು ಎರಡು ಅಡಿ ಅಂತದೆ, ನೀವು ಎರಡು ಮಾರು ಅಂತೀರಿ. ಕಲ್ನಾಗಿರೋದೂ ನಿಮ್ಮೆಸ್ರೇ. ಸಮುದ್ರ ಅಳ್ದೋರು ಅಂತ ನಿಮ್ಮೆಸ್ರು ನೋಡ್ಕಂಡೇ ನಾವು ಬಂದಿದ್ದು. ಯಾವ ದಸ್ತಗೀರನ್ನ ನಂಬನ?"

"ಕಲ್ಲಿನಾಗಿರೋದ್ನ ನಂಬ್ಲಾ" ಎಂದರು ಕರಿಯಪ್ಪ. "ಇದು ಕಮಿಟಿ ಕಲ್ಲು. ಅವ್ನು ನನ್ ಮ್ಯಾಗಿನ್ ಸಿಟ್ಗೆ ಕೂಗ್ತಾವ್ನೆ. ಒಡಿ ಗಾಡಿಯ!"

ಸಿದ್ದರಾಮು ಎತ್ತಿನ ಬಾಲ ಮುರಿದ. ಅಣ್ಣ ನೊಗ ಹಿಡಿದು ತಳ್ಳಿದ. ಗೌಡರ ಆಳುಗಳು ಅಣ್ಣನನ್ನು ಪಕ್ಕಕ್ಕೆ ಎಳೆದರು. ಎತ್ತುಗಳು ಎರಡು ಹೆಜ್ಜೆ ಇಳಿದವು, ಮೂರನೆಯದಕ್ಕೆ ಬಲದ ಎತ್ತಿನ ಕಾಲಿಗೆ ನೆಲ ಸಿಗಲಿಲ್ಲ. ಕುತ್ತಿಗೆಯವರೆಗೆ ಮುಳುಗಿ, ಕೊಂಬು ಮೇಲೆತ್ತಿ, ಅದು ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ಅಣ್ಣ ಆಳುಗಳ ಕೈ ಕೊಡವಿ ಮತ್ತೆ ನೀರಿಗೆ ಹಾರಿ ಮೂಗುದಾರ ಹಿಡಿದ. ಅಂಕಯ್ಯ ಹಗ್ಗ ಎಸೆದ. ಎಲ್ಲರೂ ಸೇರಿ ಹಿಂದಕ್ಕೆ ಎಳೆದರು. ಗಾಡಿ, ಎತ್ತು, ಸಿದ್ದರಾಮು, ಎಲ್ಲ ದಡಕ್ಕೆ ಬಂದು ಬಿದ್ದವು.

ಕರಿಯಪ್ಪನವರು ಕೊಡೆಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದರು. "ವಾರೆ ಇಳ್ಸಿದ್ಯಲ್ಲೋ, ಅದ್ಕೇ ಗುಂಡಿಗೆ ಬಿತ್ತು. ವಸಿ ಮೇಲ್ಗಡೆ ಇಂದ ಇಳ್ಸು. ಅಳ್ದೋನು ಸುಮ್ನೆ ಬರ್ದವ್ನಾ? ಅವ್ನೆಸ್ರು ನೋಡು ಇಲ್ಲಿ."

ಹಾಗೆಂದು ಕಲ್ಲಿನ ಮೇಲೆ ಕೊಡೆಯ ಕೋಲಿನಿಂದ ಟಕಟಕ ಬಡಿದರು. ಎರಡನೆಯ ಗಾಡಿಯವನು ಆಗಲೇ ಎತ್ತಿನ ಹಗ್ಗ ಬಿಗಿಹಿಡಿದಿದ್ದ.

ಅಮ್ಮಿ ನನ್ನ ಪಕ್ಕದಿಂದ ಹೋದದ್ದು ನನಗೆ ಗೊತ್ತಾಗಲಿಲ್ಲ. ಅಣ್ಣನ ಗೋಣಿಚೀಲ ದಡದ ಮೇಲೆ ಇತ್ತು. ಅದರೊಳಗೆ ಕೈ ಹಾಕಿ ತಂದೆಯ ಸುತ್ತಿಗೆ ಎಳೆದುಕೊಂಡು ಕಲ್ಲಿನ ಮುಂದೆ ನಿಂತಳು.

"ಅಮ್ಮಿ, ಆಣೆ!" ಎಂದು ಅಣ್ಣ ಕೆಸರಿನಿಂದ ಕೂಗಿದ.

"ಆಣೆ ಹಾಕಿದ್ದು ನಿನಗೆ" ಅಂದಳು ಅಮ್ಮಿ. "ನನಗೆ ಯಾರು ಹಾಕಿದ್ದಾರೆ?"

ಕರಿಯಪ್ಪನವರು ಮುಂದೆ ಬಂದರು. "ಏ ಬೂಬಮ್ಮ, ಮುಟ್ಬ್ಯಾಡ. ಅದು ಕಮಿಟಿ ಕಲ್ಲು. ಜೈಲಾಯ್ತದೆ."

"ಕಲ್ಲು ನಿಮ್ಮದೇ ಇಟ್ಕೊಳ್ಳಿ ಗೌಡರೇ. ಹೆಸರು ನಾನು ಇಟ್ಟದ್ದು. ನಾನು ತಗೊಂಡು ಹೋಗ್ತೀನಿ."

ಎಡಗೈ ಬೆರಳಿನಿಂದ ಕೊನೆಯ ಸಾಲನ್ನು ಹುಡುಕಿದಳು. ಹುಡುಕಬೇಕಾಗಿಯೇ ಇರಲಿಲ್ಲ. ಮೊದಲ ಏಟಿಗೆ ದ ಅಕ್ಷರ ಹೋಯಿತು. ನೀರು ಎರಡು ಅಡಿ ಎಂಬ ಸಾಲಿಗೆ ಒಂದು ಚೂರೂ ತಾಗದಂತೆ, ತನ್ನ ಮಗನ ಹೆಸರಷ್ಟನ್ನೇ ಮೊದಲಿನಿಂದ ಕೊನೆಯವರೆಗೆ ಹೊಡೆದು ಕೆಡವಿದಳು. ಚಕ್ಕೆಗಳು ಕಾಲ ಮೇಲೆ ಬಿದ್ದು ರಕ್ತ ಬಂತು. ಯಾರೂ ತಡೆಯಲಿಲ್ಲ. ಗೌಡರ ಆಳುಗಳೂ ತಡೆಯಲಿಲ್ಲ.

ಒದ್ದೆಯಾಗಿ ನಡುಗುತ್ತ ಕೂತಿದ್ದ ಸಿದ್ದರಾಮು ಎದ್ದು ಬಂದು ಕಲ್ಲನ್ನು ನೋಡಿದ. ಆಮೇಲೆ ಕರಿಯಪ್ಪನವರನ್ನು ನೋಡಿದ.

"ಅಳ್ದೋರು ಅನ್ನೋದದೆ. ಯಾರು ಅಂತ ಇಲ್ಲ. ಯಾರ್ ಮಾತ್ಗೆ ಎತ್ತು ಇಳ್ಸನ ಗೌಡ್ರೆ? ನಿಮ್ಮೆಸ್ರು ಕೆತ್ತುಸ್ತೀರಾ?"

ಗೌಡರು ಕಲ್ಲಿನಿಂದ ಹಿಂದೆ ಸರಿದರು. ಸಿದ್ದರಾಮು ತನ್ನ ಎತ್ತುಗಳನ್ನು ತಿರುಗಿಸಿದ. ಹಿಂದಿನ ಗಾಡಿಯವನೂ ತಿರುಗಿಸಿದ. ಇಕ್ಕಟ್ಟಿನ ದಾರಿಯಲ್ಲಿ ಗಾಡಿಗಳೆಲ್ಲ ತಿರುಗಿ ಹೋಗುವಷ್ಟರಲ್ಲಿ ಬಿಸಿಲು ಏರಿತ್ತು.

"ನಿನ್ ಮಗನ್ಗೆ ಈ ಸೀಮೆನಾಗೆ ಇನ್ಯಾರ್ ಕೆಲ್ಸ ಕೊಡ್ತಾರೋ ನೋಡ್ತೀನಿ" ಎಂದರು ಕರಿಯಪ್ಪ.

"ನೋಡಿ" ಅಂದಳು ಅಮ್ಮಿ.

ಕೆಲಸ ಯಾರೂ ಕೊಡಲಿಲ್ಲ. ಪೋಲೀಸರೂ ಬಂದರು, ಯಾರು ಒಡೆದದ್ದು ಎಂದು ಕೇಳಿದರು. ಅಮ್ಮಿ ಸುತ್ತಿಗೆ ತಂದು ಅವರ ಮುಂದಿಟ್ಟಳು. ಒಬ್ಬ ಮುದುಕಿಯನ್ನು ಮಗನ ಹೆಸರು ಅಳಿಸಿದ್ದಕ್ಕೆ ಎಂದು ಎಳೆದುಕೊಂಡು ಹೋಗಲು ಅವರಿಗೇ ನಾಚಿಕೆಯಾಗಿರಬೇಕು, ಚಹಾ ಕುಡಿದು ಹೋದರು. ಅಣ್ಣ ಅಂಕಯ್ಯನ ಜೊತೆ ಹರಿಗೋಲು ಹಾಕಿದ. ಅದು ಸುತ್ತುತ್ತದೆಂದು ಬೈಯುವುದನ್ನು ನಿಧಾನಕ್ಕೆ ಬಿಟ್ಟ.

ಮಳೆಗಾಲ ಕಳೆದ ಮೇಲೆ ಮಹದೇವಯ್ಯನವರು ನಮ್ಮ ಮನೆಗೆ ಬಂದರು. ಹೆಸರಿಲ್ಲದ ಕಲ್ಲು ನೋಡಿ ಬೇಸಿಗೆಯಲ್ಲೂ ಯಾರೂ ಗಾಡಿ ಇಳಿಸುವುದಿಲ್ಲವಂತೆ. ಹೊಸ ಕಲ್ಲು ನಿಲ್ಲಿಸುತ್ತೇವೆ, ನಿನ್ನ ಹೆಸರು ಹಾಕಲು ಒಪ್ಪಿಕೋ ಎಂದರು. ಬೇಸಿಗೆ ಗೆರೆಯಿಂದ ಎಂದು ಮೊದಲು ಕೆತ್ತಿಸಿ, ಅದನ್ನು ನೋಡಿ ಆಮೇಲೆ ಹೆಸರಿನ ಮಾತು ಎಂದ ಅಣ್ಣ. ಕೆತ್ತಿಸಿದರು. ಅಂಬಿಗರ ಮಾತೇ ಕಲ್ಲಿಗೆ ಬಂತು. ಅಣ್ಣನೂ ಹೆಸರು ಕೊಟ್ಟ.

ಅಮ್ಮಿ ಆ ಹೊಸ ಕಲ್ಲು ನೋಡಲು ಹೋಗಲಿಲ್ಲ. ಹಳೆಯದರ ಒಂದು ಚಕ್ಕೆ ಅವಳ ಹತ್ತಿರ ಇತ್ತು. ಅವತ್ತು ಕಾಲಿಗೆ ತಾಗಿದ್ದನ್ನೇ ಸೆರಗಿಗೆ ಕಟ್ಟಿಕೊಂಡು ಬಂದಿದ್ದಳು. ಉಪ್ಪಿನಕಾಯಿ ಜಾಡಿಯ ಮುಚ್ಚಳದ ಮೇಲೆ ಭಾರಕ್ಕೆ ಇಟ್ಟಿದ್ದಳು. ಅದರ ಮೇಲೆ ಅರ್ಧ ದ ಉಳಿದಿತ್ತು. ಅಮ್ಮಿಗೆ ತನ್ನ ಜನ್ಮದಲ್ಲಿ ಓದಲು ಬರುತ್ತಿದ್ದದ್ದು ಆ ಕಲ್ಲಿನ ಒಂದು ಸಾಲು. ಅದನ್ನೇ ತನ್ನ ಕೈಯಾರೆ ಒಡೆದಿದ್ದಳು.